ನನ್ನ ಕಿವಿ ಒಪ್ಪಿದ ನಿಶ್ಶಬ್ದ ಆಂಪ್ಲಿಫೈಯರ್

ಬುದ್ಧಿಯ ವಿಷಯದಲ್ಲಿ ಯಾರು ಬೇಕಾದರೂ ನನ್ನನ್ನು ಸೋಲಿಸಲಿ, ರೂಪದಲ್ಲಿ ಸೋಲಿಸಲಿ, ಆದರೆ ಕಿವಿಯ ವಿಷಯದಲ್ಲಿ ಮಾತ್ರ ಹತ್ತಿರ ಬರಬೇಡಿ! ಹವ್ಯಾಸಕ್ಕಾಗಿ ದೇಶದೇಶದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಮುಂದೆ ಇಪ್ಪತ್ತೆಂಟು ವರ್ಷ ಹೆಡ್‌ಫೋನ್ ಹಾಕಿಕೊಂಡು ಕುಳಿತ ಕಿವಿಗಳು ಇವು. ಗರಗರ, ಕರಕರ, ಚಟಪಟಗಳ ಮಧ್ಯೆ ಕಡಲಾಚೆಯ ಇನ್ನೊಬ್ಬ ಹವ್ಯಾಸಿ ಕೆಮ್ಮಿದರೂ ಸಾಕು, ಅದು ನೆಗಡಿಯೋ ಬರೀ ಗಂಟಲು ಕೆರೆತವೋ ಹೇಳಿಬಿಡುತ್ತೇನೆ. ಆದ್ದರಿಂದ ಆ ಸೋಮವಾರ ಹೆಂಡತಿ ನನ್ನ ರೇಡಿಯೋ ಕೋಣೆಯ ಬಾಗಿಲಲ್ಲಿ ನಿಂತು ಕೊನೆಯ ಎಚ್ಚರಿಕೆ ಕೊಟ್ಟಾಗ ನಾನು ಹೆದರಲಿಲ್ಲ. ಎದೆ ಉಬ್ಬಿಸಿದೆ.

"ರೀ, ನಿಮ್ಮ ಆಂಪ್ಲಿಫೈಯರ್ ಫ್ಯಾನಿನ ಸದ್ದು ನನ್ನ ರೆಕಾರ್ಡಿಂಗಿನಲ್ಲೆಲ್ಲಾ ಸೇರ್ಕೊಂಡಿದೆ. ಸದ್ದಿಲ್ಲದ್ದು ಒಂದು ತನ್ನಿ. ಇಲ್ಲಾಂದ್ರೆ ಈ ಕೋಣೆ ಖಾಲಿ ಮಾಡಿ."

"ಎಷ್ಟು ದಿನ ಟೈಮು?"

"ಶನಿವಾರದೊಳಗೆ ಹನ್ನೆರಡು ಪಾಠ ಕಳಿಸ್ಬೇಕು. ಮಕ್ಕಳಿಗೆ ಪರೀಕ್ಷೆ ಬಂತು."

ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ ಅವಳು ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಗೋಡೆಯ ಆಚೆ ಅವಳ ಮೈಕು, ಈಚೆ ನನ್ನ ಆಂಪ್ಲಿಫೈಯರು. ನನ್ನ ರೇಡಿಯೋದ ಬಡಕಲು ದನಿಗೆ ಬಲ ತುಂಬಿ ದೇಶಾಂತರಕ್ಕೆ ತಳ್ಳುವ ಪೆಟ್ಟಿಗೆ ಅದು. ಬಲ ತುಂಬುವಾಗ ಬಿಸಿಯಾಗುತ್ತದೆ, ಬಿಸಿಯಾದರೆ ಫ್ಯಾನ್ ತಿರುಗುತ್ತದೆ, ಫ್ಯಾನ್ ತಿರುಗಿದರೆ ಅವಳ ಇತಿಹಾಸದ ಪಾಠದಲ್ಲಿ ಪ್ರಾಚೀನ ರಾಜನೊಬ್ಬ ಹೆಲಿಕಾಪ್ಟರಿನಲ್ಲಿ ದಂಡಯಾತ್ರೆಗೆ ಹೊರಡುತ್ತಾನೆ! ನ್ಯಾಯ ಅವಳ ಕಡೆಗಿತ್ತು, ಒಪ್ಪುತ್ತೇನೆ.

ಮರುದಿನವೇ ಅಂಗಡಿಗೆ ಹೊರಟೆ. ಜೊತೆಗೆ ನಮ್ಮ ಏಣಿ. ಊರಿನ ಹವ್ಯಾಸಿಗಳ ಆಂಟೆನಾ ಕಟ್ಟಲು ಯಾರ ಮಾಳಿಗೆಯನ್ನಾದರೂ ಹತ್ತುವ, ನನ್ನಷ್ಟೇ ಹಳೆಯ ರೇಡಿಯೋ ಹುಚ್ಚಿನ ಗೆಳೆಯನಿಗೆ ನಾವಿಟ್ಟ ಹೆಸರು ಅದು. ಅಂಗಡಿಯವರೋ ನಲವತ್ತು ವರ್ಷದ ಹಳೇ ಹುಲಿ, ಹೆಡ್‌ಫೋನ್ ಹಾಕಿಕೊಂಡೇ ತಲೆಗೂದಲು ಕಳೆದುಕೊಂಡವರು. ಇಂಥ ಮೂವರು ಸೇರಿದ ಮೇಲೆ ಕೇಳಬೇಕೇ!

"ಸದ್ದು ಎಷ್ಟು ಡೆಸಿಬಲ್ ಅಂತ ಇದರಲ್ಲಿ ಬರೆದಿದೆ ನೋಡಿ," ಎಂದು ಅಂಗಡಿಯವರು ಒಂದು ಕಾಗದ ಚಾಚಿದರು.

"ಕಾಗದ ಒಳಗಿಡಿ ಸ್ವಾಮಿ. ನನಗೆ ನನ್ನ ಕಿವಿಯೇ ಪ್ರಮಾಣ!"

ಪರೀಕ್ಷೆ ಶುರುವಾಯಿತು. ಮೊದಲ ಪೆಟ್ಟಿಗೆಯ ಟ್ರಾನ್ಸ್‌ಫಾರ್ಮರು ಗುಂಯ್ ಎಂದಿತು. ತಿರಸ್ಕಾರ! ಎರಡನೆಯದು, ನಾವು ರೇಡಿಯೋದಲ್ಲಿ ಮಾತು ಶುರು ಮಾಡಿದಾಗಲೂ ನಿಲ್ಲಿಸಿದಾಗಲೂ ಒಳಗೆ ಟಕ್ ಟಕ್ ಎಂದಿತು. ಅದೂ ತಿರಸ್ಕಾರ! ಮೂರನೆಯದರಲ್ಲಿ ಟ್ರಾನ್ಸ್‌ಫಾರ್ಮರಿನ ಭಾರವೇ ಇಲ್ಲ, ಹೊಸ ಕಾಲದ ಹಗುರ ಪವರ್ ಸಪ್ಲೈ. ಸ್ವಿಚ್ ಒತ್ತಿದರು. ನಾನು ಕಣ್ಣು ಮುಚ್ಚಿದೆ. ಆಹಾ, ನಿಶ್ಶಬ್ದ! ಪರಮ ನಿಶ್ಶಬ್ದ! ಏಣಿ "ಆನ್ ಆಗಿದೆಯೇನ್ರೀ?" ಎಂದು ಎರಡು ಸಲ ಕೇಳಿದ. ಅಂಗಡಿಯವರು ಪೆಟ್ಟಿಗೆಗೆ ಕಿವಿ ಆನಿಸಿ ಭಕ್ತಿಯಿಂದ ತಲೆದೂಗಿದರು. ಅಷ್ಟು ಹೊತ್ತೂ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿದ್ದ ಅಂಗಡಿಯ ಬೆಕ್ಕು ಮಾತ್ರ ಬಾಲ ಉಬ್ಬಿಸಿಕೊಂಡು ಎದ್ದು ಬೀದಿಗೆ ಓಡಿತು. ಬೆಕ್ಕಿಗೆ ಏನು ಅವಸರದ ಕೆಲಸವಿತ್ತೋ ಎಂದುಕೊಂಡೆವು.

ಮನೆಗೆ ತಂದು, ಜೋಡಿಸಿ, ಎಲ್ಲರನ್ನೂ ಕರೆದು ಸ್ವಿಚ್ ಒತ್ತಿದೆ. ಒಂಬತ್ತನೇ ತರಗತಿಯ ಮಗಳು ಎರಡೂ ಕಿವಿ ಮುಚ್ಚಿಕೊಂಡಳು.

"ಅಪ್ಪಾ, ಏನದು ಸೀಟಿ!"

"ಯಾವ ಸೀಟಿ?"

"ಕುಂಯ್ ಅಂತಿದೆಯಲ್ರೀ!" ಹೆಂಡತಿಯೂ ಮುಖ ಕಿವುಚಿದಳು.

"ನೋಡೇ, ಇಷ್ಟು ವರ್ಷ ಫ್ಯಾನ್ ಕೇಳಿ ಕೇಳಿ ನಿಮ್ಮ ಕಿವಿಗೆ ಅಭ್ಯಾಸ ಆಗಿದೆ. ಈಗ ಸದ್ದಿಲ್ಲ ಅಂತ ಕಿವೀನೇ ಸದ್ದು ಹುಟ್ಟಿಸ್ಕೊಳ್ತಿದೆ. ಇದಕ್ಕೆ ವಿಜ್ಞಾನದಲ್ಲಿ ಒಂದು ಹೆಸರಿದೆ."

ಹೆಸರು ಏನೆಂದು ಯಾರೂ ಕೇಳಲಿಲ್ಲ, ಪುಣ್ಯ. ನಮ್ಮ ಜೊತೆಗೇ ಇರುವ ಅತ್ತೆಯ ಕಡೆ ತಿರುಗಿ ಗಟ್ಟಿಯಾಗಿ ಕೇಳಿದೆ. "ಅತ್ತೆ, ನೀವು ಹೇಳಿ. ಏನಾದ್ರೂ ಸದ್ದು ಕೇಳಿಸ್ತಿದೆಯಾ?"

"ಇಲ್ಲಪ್ಪ, ಏನೂ ಇಲ್ಲ," ಎಂದರು ಅತ್ತೆ.

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅತ್ತೆ ನನ್ನ ಪರ ಸಾಕ್ಷಿ ನುಡಿದದ್ದು ಅದೇ ಮೊದಲು! ನನಗೆ ಕಣ್ಣು ತುಂಬಿ ಬಂತು. ಆದರೆ ಹೆಂಡತಿ ಬಿಡಬೇಕಲ್ಲ, ಅವರ ಕಿವಿಯ ಬಳಿ ಬಾಗಿ ಕೂಗಿದಳು.

"ಅಮ್ಮಾ, ನಿನ್ನ ಕಿವಿ ಮೆಷಿನ್ ಎಲ್ಲಿ?"

"ಈಗಷ್ಟೇ ತೆಗೆದಿಟ್ಟೆ ಕಣೇ. ಇವರು ಸ್ವಿಚ್ ಒತ್ತಿದ್ದೇ ತಡ, ಅದು ಸೀಟಿ ಹೊಡೆಯೋಕೆ ಶುರು ಮಾಡ್ತು."

ಆದರೂ ನಾನು ಜಗ್ಗಲಿಲ್ಲ. ಸುಮ್ಮನೆ ಓದು, ರೆಕಾರ್ಡಿಂಗಿನಲ್ಲಿ ಏನೂ ಬರುವುದಿಲ್ಲ ಎಂದು ಆಣೆ ಮಾಡಿದೆ. ಅವಳು ಅರೆಮನಸ್ಸಿನಿಂದ ಮೂರು ಪಾಠ ಓದಿ ಕಳಿಸಿದಳು. ಬುಧವಾರ ಮಧ್ಯಾಹ್ನ ಮೂರೂ ಪಾಠ ವಾಪಸ್! 'ಹಿಂದೆ ಸೀಟಿಯ ಸದ್ದು ಇದೆ, ಮಕ್ಕಳಿಗೆ ತಲೆನೋವು ಬರುತ್ತಿದೆ' ಎಂದು ಶಾಲೆಯವರು ಬರೆದಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡು ಮೂರೂ ಪಾಠ ಕೇಳಿದೆ. ನಿರ್ಮಲ! ಶಾಲೆಯವರ ಸ್ಪೀಕರೇ ಕೆಟ್ಟಿರಬೇಕು ಎಂದು ತೀರ್ಪು ಕೊಟ್ಟೆ.

"ಅಪ್ಪಾ, ಆ ಪೆಟ್ಟಿಗೆ ಒಂದ್ಸಲ ಆಫ್ ಮಾಡಿ ನೋಡೋಣ," ಎಂದಳು ಮಗಳು.

"ತಪ್ಪು ಮಾಡದವನನ್ನ ಜೈಲಿಗೆ ಹಾಕೋ ಪದ್ಧತಿ ನಮ್ಮ ಮನೇಲಿಲ್ಲ!"

ಇದೇ ನೋಡಿ, ಹಟ. ಪೆಟ್ಟಿಗೆಯೊಂದನ್ನು ಬಿಟ್ಟು ಮನೆಯ ಸಮಸ್ತ ವಸ್ತುಗಳನ್ನೂ ಅನುಮಾನಿಸಿದೆ. ಗುರುವಾರ ಬೆಳಿಗ್ಗೆ ಫ್ರಿಜ್ಜಿನ ಪ್ಲಗ್ ಕಿತ್ತೆ. "ಈಗ?" ಎಂದೆ. "ಇದೆ," ಎಂದರು ತಾಯಿ ಮಗಳು ಒಟ್ಟಿಗೆ. ಗೋಡೆ ಗಡಿಯಾರದ ಬ್ಯಾಟರಿ ತೆಗೆದೆ. "ಈಗ?" "ಇದೆ." ಈ ಸಂಶೋಧನೆಯ ಭರದಲ್ಲಿ ಫ್ರಿಜ್ಜಿಗೆ ಮತ್ತೆ ಪ್ಲಗ್, ಗಡಿಯಾರಕ್ಕೆ ಮತ್ತೆ ಬ್ಯಾಟರಿ ಹಾಕುವುದು ಮರೆತೇಹೋಯಿತು. ಸಂಜೆ ಫ್ರಿಜ್ಜಿನ ಐಸು ಕರಗಿದ ನೀರಿನಲ್ಲಿ ಅತ್ತೆಯ ಚಪ್ಪಲಿ ಅಡುಗೆಮನೆಯಿಂದ ಹಾಲ್‌ಗೆ ತೇಲಿಕೊಂಡು ಬಂತು. ಹಾಲು ಒಡೆದಿತ್ತು, ತರಕಾರಿ ಬಾಡಿತ್ತು, ಗಡಿಯಾರ ನಿಂತದ್ದರಿಂದ ಮಗಳು ಟ್ಯೂಷನ್ನಿಗೆ ಒಂದು ಗಂಟೆ ತಡವಾಗಿ ಹೋಗಿ ಬೈಸಿಕೊಂಡು ಬಂದಿದ್ದಳು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತಾರೆ. ಈ ಕೋಣನಿಗೆ ಸೀಟಿ ಊದಿದ್ರೂ ಅಷ್ಟೇ," ಎಂದು ಹೆಂಡತಿ ನೆಲ ಒರೆಸುತ್ತಾ ಹೇಳಿದಳು. ಯಾರ ಬಗ್ಗೆ ಎಂದು ನಾನು ವಿಚಾರಿಸಲಿಲ್ಲ.

ಶುಕ್ರವಾರ ಕೊಳಾಯಿ ರಿಪೇರಿಯವನನ್ನು ಕರೆಸಿದೆ. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡು ಸೀಟಿ ಹೊಡೆಯುತ್ತಿದೆ ಎಂಬುದು ನನ್ನ ಕಟ್ಟಕಡೆಯ ಸಿದ್ಧಾಂತ. ಅವನು ಹೊಸ್ತಿಲು ದಾಟಿದವನೇ ನಿಂತ. ತಲೆ ಓರೆ ಮಾಡಿದ. ಬಚ್ಚಲ ಕಡೆ ತಿರುಗಿಯೂ ನೋಡದೆ ನೇರ ನನ್ನ ರೇಡಿಯೋ ಕೋಣೆಗೆ ನಡೆದು ಆಂಪ್ಲಿಫೈಯರಿನ ಪ್ಲಗ್ ಕಿತ್ತ.

"ಅಬ್ಬಾ!" ಎಂದಳು ಹೆಂಡತಿ. "ಉಸ್ಸಪ್ಪಾ!" ಎಂದಳು ಮಗಳು. ಅತ್ತೆ ಮೆಷಿನ್ ತಂದು ಕಿವಿಗೆ ಸಿಕ್ಕಿಸಿಕೊಂಡು ಮುಗುಳ್ನಕ್ಕರು. ನನಗೆ ಮಾತ್ರ ಆಗಲೂ ಈಗಲೂ ಒಂದೇ!

"ಸಾರ್, ಪೈಪು ಚೆನ್ನಾಗಿದೆ," ಎಂದ ಅವನು ಮೆಲ್ಲಗೆ. "ಕಿವಿ ಒಂದ್ಸಲ ತೋರಿಸ್ಕೊಳ್ಳಿ."

ಇನ್ನು ಉಳಿದದ್ದು ಒಂದೇ ದಿನ, ಹನ್ನೆರಡು ಪಾಠ. ಅವಳು ಮೈಕಿನ ಮುಂದೆ ಕುಳಿತಳು. ನಾನು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಾ ಬಿಸಿನೀರು ಕೊಟ್ಟೆ, ಪುಟ ತಿರುವಿದೆ, ಬಾಗಿಲು ಬಡಿದವರನ್ನೆಲ್ಲ ಸನ್ನೆಯಲ್ಲೇ ಓಡಿಸಿದೆ. ಅವಳ ಗಂಟಲು ಕಟ್ಟುತ್ತಾ ಬಂದಂತೆ ನನಗೆ ನಿಜಕ್ಕೂ ನಾಚಿಕೆಯಾಯಿತು. ನನ್ನ ಕಿವಿಯ ಜಂಬಕ್ಕೆ ಎಷ್ಟೋ ಮಕ್ಕಳ ಪರೀಕ್ಷೆ ಹಾಳಾಗುತ್ತಿತ್ತು. ಶನಿವಾರ ಸಂಜೆ ಹನ್ನೆರಡನೇ ಪಾಠವೂ ಹೋಯಿತು, 'ಈಗ ಚೆನ್ನಾಗಿದೆ' ಎಂದು ಶಾಲೆಯಿಂದ ಉತ್ತರವೂ ಬಂತು. ಭಾನುವಾರ ಮಗಳನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅವಳು ಒಪ್ಪಿದ ಪೆಟ್ಟಿಗೆಯನ್ನು ಬಾಯಿ ಮುಚ್ಚಿಕೊಂಡು ಬದಲಾಯಿಸಿಕೊಂಡು ಬಂದೆ. ಕೋಣೆ ಉಳಿಯಿತು.

ಸೋಮವಾರ ಹೆಂಡತಿ ನನ್ನನ್ನು ಕಿವಿ ಡಾಕ್ಟರ ಬಳಿಗೆ ಎಳೆದೊಯ್ದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಲು ಹೇಳಿದರು. ಕೊನೆಗೆ ಒಂದು ನಕ್ಷೆ ಬಂತು.

"ನೋಡಿ, ಇಲ್ಲೊಂದು ಹಳ್ಳ ಬಿದ್ದಿದೆ," ಎಂದರು ಡಾಕ್ಟರು. "ವರ್ಷಗಟ್ಟಲೆ ಹೆಡ್‌ಫೋನಿನಲ್ಲಿ ಜೋರು ಸದ್ದು ಕೇಳಿದವರಿಗೆ ಹೀಗಾಗುತ್ತೆ. ಸೀಟಿಯಂಥ ಎತ್ತರದ ಸ್ಥಾಯಿಯ ಚೂಪು ಸದ್ದು ಕೇಳಿಸಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು!

"ಡಾಕ್ಟ್ರೇ, ಹಾಗಾದ್ರೆ ಮನೇಲಿ ಇವಳು 'ಕಸ ಆಚೆ ಇಡಿ', 'ಒಣಗಿದ ಬಟ್ಟೆ ತೆಗೀರಿ' ಅಂತ ಕರೆದಾಗ ನನಗೆ ಕೇಳಿಸದೇ ಇರೋದಕ್ಕೂ ಇದೇ ಕಾರಣ, ಅಲ್ವಾ?"

ಹೆಂಡತಿಯ ಮುಖ ಮೃದುವಾಯಿತು. "ಅಯ್ಯೋ ಪಾಪ, ಇಷ್ಟು ವರ್ಷ ಸುಮ್ಮನೆ ಬೈದೆನಲ್ರೀ," ಎಂದು ನನ್ನ ಕೈ ಹಿಡಿದುಕೊಂಡಳು.

"ಛೇ ಛೇ, ಗಾಬರಿ ಬೇಡಿ!" ಆ ಪುಣ್ಯಾತ್ಮ ನನಗೆ ಧೈರ್ಯ ತುಂಬಲೆಂದೇ ನಕ್ಷೆಯ ಇನ್ನೊಂದು ಕಡೆ ಬೆರಳಿಟ್ಟರು. "ಮನೆಯವರ ಮಾತೆಲ್ಲ ಬರೋದು ಈ ಜಾಗದಲ್ಲಿ. ಇಲ್ಲಿ ನಿಮ್ಮ ಕಿವಿ ಇಪ್ಪತ್ತರ ಹುಡುಗನ ಕಿವಿ! ಪಿಸುಗುಟ್ಟಿದ್ರೂ ಕೇಳಿಸುತ್ತೆ."

ಹೆಂಡತಿ ನನ್ನ ಕೈ ಬಿಟ್ಟಳು. "ಡಾಕ್ಟ್ರೇ, ಈ ನಕ್ಷೆದು ಇನ್ನೊಂದು ಪ್ರತಿ ಕೊಡ್ತೀರಾ?"

ಒಂದು ಪ್ರತಿ ಅಡುಗೆಮನೆಯ ಗೋಡೆಯ ಮೇಲಿದೆ, ಇನ್ನೊಂದು ನನ್ನ ರೇಡಿಯೋದ ನೆತ್ತಿಯ ಮೇಲೆ. ಮೊದಲೆಲ್ಲ ಅವಳು ನಾಲ್ಕು ಸಲ ಕೂಗಿ ಕರೆಯುತ್ತಿದ್ದಳು. ಈಗ ಒಂದೇ ಸಲ ಕರೆಯುತ್ತಾಳೆ, ಅದೂ ಪಿಸುಗುಟ್ಟಿ.