ಐದನೆಯ ಯಾಕೆ

ಬಟ್ಟೆ ಒಗೆಯುವ ಮಷಿನ್ನು ಗುಂಯ್ ಎಂದು ನರಳಿ ನಿಂತದ್ದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ. ದೀಪಾವಳಿಗೆ ಎಂಟು ದಿನ ಉಳಿದಿತ್ತು. ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಎರಡು ದಪ್ಪ ಕೌದಿಗಳನ್ನು ಸುಮಂಗಲಾ ಮಷಿನ್ನಿಗೆ ತುಂಬಿ ಗುಂಡಿ ತಿರುಗಿಸಿದ್ದಳು. ಒಳಗಿನ ಚಕ್ರ ಅರ್ಧ ಸುತ್ತು ತಿರುಗಿತು, ಸುಟ್ಟ ವಾಸನೆ ಬಂತು, ಆಮೇಲೆ ಸದ್ದೇ ಇಲ್ಲ.

ಬೇರೆಯವರ ಮನೆಯಲ್ಲಾಗಿದ್ದರೆ ಇದು ಅರ್ಧ ಗಂಟೆಯ ತಾಪತ್ರಯ. ಆದರೆ ಇದು ಮನೋಹರನ ಮನೆ. ಪುಣೆ ಹತ್ತಿರದ ತಳೇಗಾಂವದ ಕಾಲನಿಯಲ್ಲಿದ್ದು ಚಾಕಣದ ಬಿಡಿಭಾಗಗಳ ಕಾರ್ಖಾನೆಗೆ ಹೋಗಿಬರುವ ಈ ಕ್ವಾಲಿಟಿ ಇನ್‌ಸ್ಪೆಕ್ಟರನನ್ನು ಕಂಪನಿ ಹೋದ ತಿಂಗಳು ಮೂರು ದಿನದ ತರಬೇತಿಗೆ ಕಳಿಸಿತ್ತು. ಏನೇ ಕೆಟ್ಟರೂ ಐದು ಸಲ 'ಯಾಕೆ' ಎಂದು ಕೇಳಬೇಕು, ಐದನೆಯ ಉತ್ತರವೇ ಮೂಲ ಕಾರಣ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಪುಕ್ಕಟೆ ಊಟದ ಜೊತೆ ಸಿಕ್ಕ ಈ ಜ್ಞಾನ ನೇರ ಅವನ ತಲೆಗೇರಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಅವನು ಐದು ಯಾಕೆ ಕೇಳಿ ಮುಗಿಸುವಷ್ಟರಲ್ಲಿ ಅನ್ನ ಆರಿಹೋಗುತ್ತಿತ್ತು.

ಅಂದು ಅವನ ಉತ್ಸಾಹಕ್ಕೆ ಇನ್ನೊಂದು ಕಾರಣವಿತ್ತು. ಅವನ ಸಾಹೇಬರಾದ ಬಿಂದುಮಾಧವರಾಯರು ಹನ್ನೊಂದಕ್ಕೆ ನಾಷ್ಟಾಕ್ಕೆ ಬರುವವರಿದ್ದರು. ಅವರ ವಿಭಾಗದಲ್ಲಿ ಸೀನಿಯರ್ ಹುದ್ದೆ ಖಾಲಿ ಇತ್ತು. ಅದು ಮನೋಹರನಿಗೆ ಹೋಗಬೇಕೋ ಅವನ ಜೊತೆ ಕೆಲಸ ಮಾಡುವ ಪ್ರೇಮಕುಮಾರನಿಗೆ ಹೋಗಬೇಕೋ ಎಂದು ರಾಯರು ಆ ವಾರವೇ ತೀರ್ಮಾನಿಸಬೇಕಿತ್ತು. ಮನೆಯಲ್ಲೇ ಐದು ಯಾಕೆ ನಡೆಸಿ, ಅದರ ತಖ್ತೆಯನ್ನು ಸಾಹೇಬರ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಿದರೆ ಹುದ್ದೆ ತನ್ನದೇ ಎಂದು ಮನೋಹರ ಲೆಕ್ಕ ಹಾಕಿದ.

"ಮೆಕ್ಯಾನಿಕಗ ಫೋನ್ ಮಾಡ್ರಿ," ಎಂದಳು ಸುಮಂಗಲಾ.

"ಮೂಲ ಕಾರಣ ಸಿಗೂತನಕಾ ಯಾರೂ ಮಷಿನ್ ಮುಟ್ಟೂಹಂಗಿಲ್ಲ," ಎಂದು ಅವನು ಹಳೆ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆಯತೊಡಗಿದ. ಮಾರ್ಕರ್ ಪೆನ್ನು ಕಂಪನಿಯದು.

ವಾಸನೆಗೆ ಕೆಳಮನೆಯ ದೇವದಾಸ್ ಮೇಲೆ ಬಂದರು. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಿದ್ದರು. ಮೇಲ್ಮನೆಯ ನಾಗವ್ವ ಕೆಳಗೆ ಬಂದಳು. ಕಲಬುರಗಿ ಕಡೆಯ ಮುದುಕಿ. ಯಾರ ಮನೆಯಲ್ಲಿ ಏನು ಕೆಟ್ಟರೂ ನೋಡದೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

ದೇವದಾಸ್ ಒಮ್ಮೆ ಬಗ್ಗಿ ನೋಡಿದರು. "ನಮ್ಮ ಗ್ರೈಂಡರ್ ಸಹ ಅಕ್ಕಿ ಹೆಚ್ಚಾದ್ರೆ ಹೀಗೇ ಮಾಡ್ತದೆ ಮಾರಾಯ್ರೆ. ಅರ್ಧ ತೆಗೀರಿ, ಒಂದು ಗಂಟೆ ತಣ್ಣಗಾಗ್ಲಿಕ್ಕೆ ಬಿಡಿ. ಮತ್ತೆ ತಿರುಗ್ತದೆ."

ಇಪ್ಪತ್ತು ವರ್ಷ ಗ್ರೈಂಡರ್ ನಡೆಸಿದ ಮನುಷ್ಯನನ್ನು, ಮೂರು ದಿನ ತರಬೇತಿ ಪಡೆದ ಮನುಷ್ಯ ಮರುಕದಿಂದ ನೋಡಿದ. "ದೇವದಾಸಣ್ಣ, ಅದು ಬರೇ ಉಪಾಯ. ನಮಗ ಕಾರಣ ಬೇಕು. ನೀವಿಬ್ಬರೂ ಇಲ್ಲೇ ಕೂಡ್ರಿ, ಇದಕ್ಕ ತಂಡ ಬೇಕಾಗತದ."

ತಂಡ ಕೂತಿತು. ಮಷಿನ್ ಯಾಕೆ ನಿಂತಿತು? ಮೋಟಾರು ಕಾದದ್ದಕ್ಕೆ. ಮೋಟಾರು ಯಾಕೆ ಕಾಯಿತು? ಭಾರ ಎಳೆಯಲಾಗದೆ. ಎರಡಕ್ಕೂ ಮನೋಹರ ಉತ್ತರ ಬರೆದು, ಮೂರನೆಯದಕ್ಕೆ ಹೆಂಡತಿಯ ಕಡೆ ತಿರುಗಿದ.

"ಭಾರ ಯಾಕ ಹೆಚ್ಚಾತು?"

"ಎರಡೂ ಕೌದಿ ಕೂಡೇ ಹಾಕೀನಿ."

"ಒಂದ ಕೌದಿ ನೆನದ್ರ ಎಮ್ಮಿಕರದಷ್ಟು ಭಾರ ಆಗ್ತದ ನಮ್ಮವ್ವ," ಎಂದಳು ನಾಗವ್ವ.

ಹೆಂಡತಿಯ ತಪ್ಪನ್ನು ನಾಲ್ಕು ಮಂದಿಯ ಮುಂದೆ, ಅದೂ ಶಾಸ್ತ್ರಬದ್ಧವಾಗಿ ಸಾಬೀತು ಮಾಡುವ ಸುಖ ಎಲ್ಲ ಗಂಡಂದಿರಿಗೂ ಸಿಗುವಂಥದ್ದಲ್ಲ. ಮನೋಹರ ಅದನ್ನು ದಪ್ಪ ಅಕ್ಷರದಲ್ಲಿ ಬರೆದು, ವಕೀಲನ ಗತ್ತಿನಲ್ಲಿ ನಾಲ್ಕನೆಯದನ್ನು ಕೇಳಿದ. "ಎರಡೂ ಯಾಕ ಕೂಡೇ ಹಾಕಿದಿ?"

ಸುಮಂಗಲಾ ಮಷಿನ್ನಿನ ಮುಚ್ಚಳ ಎತ್ತಿದಳು. ಅದರ ಒಳಮೈಗೆ ಒಂದು ಚೀಟಿ ಅಂಟಿಸಿತ್ತು. ದೇವದಾಸ್ ಗಟ್ಟಿಯಾಗಿ ಓದಿದರು: "ಅರ್ಧ ತುಂಬಿ ಓಡಿಸಬಾರದು. ಒಂದೇ ಸಲಕ್ಕೆ ಪೂರ್ತಿ ತುಂಬಿರಿ, ಕರೆಂಟ್ ಉಳಿಸಿರಿ. ಸಹಿ, ಮನೋಹರ, ಕ್ವಾಲಿಟಿ ವಿಭಾಗ."

"ನಾ ಮೊದಲಿಂದ ಒಂದೊಂದ ಹಾಕತಿದ್ದೆ," ಎಂದಳು ಸುಮಂಗಲಾ. "ಹೋದ ವಾರ ಇವರು ಬೈದು ಅಂಟಿಸ್ಯಾರ."

ಮನೋಹರ ಪೆನ್ನಿಗೆ ಮುಚ್ಚಳ ಹಾಕುತ್ತ, ಮನೆಯ ಮಷಿನ್ನುಗಳಿಗೆ ನಾಲ್ಕು ಯಾಕೆ ಸಾಕು ಎಂದ.

"ಐದು ಅಂತ ನೀನ ಅಂದೆಲ್ಲಪ್ಪ," ಎಂದಳು ನಾಗವ್ವ. "ಈಗ ನಾ ಕೇಳತೀನಿ. ಮನೋಹರ ಯಾಕ ಹಂಗ ಬರದ?"

"ಗೊತ್ತಿಲ್ಲದ ವಿಷಯಕ್ಕೂ ಬುದ್ಧಿ ಹೇಳುವ ಚಟ ಅಂತ ಬರೀರಿ," ಎಂದರು ದೇವದಾಸ್, ತುಂಬಾ ಶಾಂತವಾಗಿ.

ಮನೋಹರ ಬರೆಯಲಿಲ್ಲ. ಸುಮಂಗಲಾ ಪೆನ್ನು ಕಸಿದುಕೊಂಡು ಬರೆದಳು. ಕೆಳಗೆ 'ಮೂಲ ಕಾರಣ: ಮನೋಹರ' ಎಂದು ಸೇರಿಸಿ ಎರಡು ಗೆರೆ ಎಳೆದಳು. ಅವನು ತಖ್ತೆ ಹರಿಯಲು ಕೈ ಎತ್ತಿದ್ದ, ಅಷ್ಟರಲ್ಲಿ ಬಿಂದುಮಾಧವರಾಯರು ಅರ್ಧ ಗಂಟೆ ಮುಂಚೆಯೇ ಬಂದು ಬಾಗಿಲಲ್ಲಿ ನಿಂತರು.

ರಾಯರು ಕನ್ನಡಕ ಏರಿಸಿ ತಖ್ತೆಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಹುದ್ದೆ ಕೈಬಿಟ್ಟಿತು ಎಂದುಕೊಂಡು ಮನೋಹರ ನೆಲ ನೋಡುತ್ತ ನಿಂತ.

"ಇಪ್ಪತ್ತೆರಡು ವರ್ಷದ ನೌಕರಿಯೊಳಗ," ಎಂದರು ರಾಯರು, "ಕಾರಣದ ಕಾಲಮಿನ್ಯಾಗ ತನ್ನ ಹೆಸರ ತಾನ ಬರದ ಮನುಷ್ಯಾನ್ನ ನಾ ನೋಡಿಲ್ಲ. ಇದನ್ನ ಬರದವರು ಯಾರು?"

ಸುಮಂಗಲಾ ಬಾಯಿ ತೆರೆಯುವಷ್ಟರಲ್ಲಿ ಮನೋಹರ ಮುಂದೆ ಬಂದ. "ನಾನ ರೀ ಸರ್. ತಪ್ಪಿದ್ರ ಒಪ್ಪಿಕೊಂಡ ಬಿಡೋದು. ನನ್ನ ಸ್ವಭಾವನ ಹಂಗ."

ಅಷ್ಟು ಸಲೀಸಾಗಿ ಸುಳ್ಳು ಹೇಳಿದ ಗಂಡನನ್ನು ಸುಮಂಗಲಾ ಒಮ್ಮೆ ನೋಡಿ, ಸೀದಾ ಮಷಿನ್ನಿನ ಹತ್ತಿರ ಹೋದಳು. ಒಂದು ಕೌದಿ ಹೊರಗೆಳೆದು ಗುಂಡಿ ತಿರುಗಿಸಿದಳು. ಅಷ್ಟೊತ್ತಿಗೆ ತಣ್ಣಗಾಗಿದ್ದ ಮೋಟಾರು ತಕರಾರಿಲ್ಲದೆ ತಿರುಗಿತು. ದೇವದಾಸ್ ಮೆಟ್ಟಿಲಿಳಿದು ಹೋದರು, ನಾಗವ್ವ ಮಾತ್ರ ಕೂತೇ ಇದ್ದಳು.

ರಾಯರು ಎರಡು ತಟ್ಟೆ ಮಂಡಕ್ಕಿ ಸುಸಲಾ, ಜೊತೆಗೆ ಮಿರ್ಚಿ ಭಜಿ ಮುಗಿಸಿ, ಕೈ ಒರೆಸಿಕೊಂಡು ಚೀಲದಿಂದ ಒಂದು ಫಾರ್ಮು ತೆಗೆದರು.

"ಕಾರಿನ ಕಂಪನಿಯವರು ನಮ್ಮ ಒಂದಿಡೀ ಲಾಟ್ ವಾಪಸ್ ಕಳಿಸ್ಯಾರ. ತಪ್ಪು ಯಾರದು ಅಂತ ನಾಳೆ ಬರದು ಕೊಡಬೇಕು. ಚೆಕ್ ಮಾಡಿದಾವ ಪ್ರೇಮಕುಮಾರ, ಆದ್ರ ಅವ ಒಪ್ಪವಲ್ಲ. ಹದಿನೈದು ದಿನ ಆತು, ಈ ಕಾಗದ ಟೇಬಲ್ ಟೇಬಲ್ ತಿರಗತದ, ಒಬ್ಬರೂ ಸಹಿ ಹಾಕವಲ್ಲರು. ನಿಮ್ಮ ತಖ್ತೆ ನೋಡಿ ನನ್ನ ಎದಿ ಮ್ಯಾಲಿನ ಕಲ್ಲು ಇಳೀತು. ಇಲ್ಲೆ ನೀವ ಒಂದು ಸಹಿ ಹಾಕ್ರಿ."

"ಸರ್, ಆ ಲಾಟ್ ನಾ ಕಣ್ಣಿಲೆ ಸೈತ ನೋಡಿಲ್ಲ."

"ನೋಡಿದಾವ್ರು ಒಪ್ಪಿದ್ರ ನಿಮ್ಮ ಕಡೆ ಯಾಕ ಬರತಿದ್ದೆ? ಈಗಷ್ಟ ಒಪ್ಪಿಕೊಳ್ಳೋದು ನನ್ನ ಸ್ವಭಾವ ಅಂದ್ರಿ."

ನಾಗವ್ವ ತಲೆಯಾಡಿಸಿದಳು. "ಹೌದ್ರಿ, ಅಂದಾನ. ನಾ ಕೇಳೀನಿ."

ಮನೋಹರ ಹೆಂಡತಿಯ ಕಡೆ ನೋಡಿದ. ಸುಮಂಗಲಾ ಕೌದಿ ಹಿಂಡುವುದರಲ್ಲಿದ್ದಳು. ತಾನು ಬರೆಯಲಿಲ್ಲ ಎನ್ನೋಣವೆಂದರೆ ಆಗಲೇ ಹೇಳಿದ್ದು ಸುಳ್ಳೆಂದು ಒಪ್ಪಬೇಕು, ಅದಕ್ಕೆ ಬೇಕಾದ ಧೈರ್ಯ ಅವನಲ್ಲಿರಲಿಲ್ಲ. ಅವನು ಸಹಿ ಹಾಕಿದ. ಆಮೇಲೆ ಉಳಿದಷ್ಟು ಆಸೆಯನ್ನು ಒಟ್ಟುಮಾಡಿಕೊಂಡು, "ಸರ್, ಆ ಸೀನಿಯರ್ ಹುದ್ದೆ," ಎಂದ.

"ಅದು ಪ್ರೇಮಕುಮಾರಗ ಹೋಗತದ್ರಿ," ಎಂದರು ರಾಯರು, ಬಹಳ ಪ್ರೀತಿಯಿಂದ. "ಅವನ ರೆಕಾರ್ಡ್ ಮ್ಯಾಲೆ ಒಂದೂ ತಪ್ಪಿಲ್ಲ."

ಫಾರ್ಮನ್ನು ಮಡಿಚಿ ಚೀಲಕ್ಕೆ ಹಾಕಿದ ಅವರು, ಇನ್ನೊಂದು ಮಿರ್ಚಿ ಸಿಕ್ಕೀತೇ ಎಂದು ಕೇಳಿದರು.