ಮೂರನೇ ಸಿಲಿಂಡರೂ ನನ್ನ ಮೀಸೆಯೂ

ಗ್ಯಾರೇಜು ಇಟ್ಟವನ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನನ್ನ ಬದುಕಿನಲ್ಲಿ ಸ್ವಲ್ಪ ಜಾಸ್ತಿಯೇ ನಡೆದಿವೆ, ಯಾಕೆಂದರೆ ಇಡೀ ಚಾಮರಾಜಪೇಟೆಯಲ್ಲಿ ನನ್ನಷ್ಟು ಎಂಜಿನ್ ಬಿಚ್ಚಿದವನು ಇನ್ನೊಬ್ಬನಿಲ್ಲ. ನನಗೆ ಓದು ಬರಹ ಬಾರದು. ನಾನು ಹೇಳುತ್ತೇನೆ, ಮೊಮ್ಮಗಳು ಬರೆದುಕೊಳ್ಳುತ್ತಾಳೆ. ನಗಬೇಡ ಅಂತ ಅವಳಿಗೆ ಮೊದಲೇ ಹೇಳಿದ್ದೇನೆ. ಇದು ನಗುವ ವಿಷಯವಲ್ಲ.

ಹೆಬ್ಬೆರಳು

ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿಯನ್ನು ಎಷ್ಟು ಒತ್ತಿ ಹಿಡಿಯುತ್ತದೆ ಅನ್ನುವುದೇ ಕಂಪ್ರೆಶನ್. ಅದಿಲ್ಲದ ಎಂಜಿನ್ನಿಗೆ ದಮ್ಮಿಲ್ಲ. ಬೇರೆಯವರು ಅದನ್ನು ಗೇಜ್ ಇಟ್ಟು ಅಳೆಯುತ್ತಾರೆ. ನಾನು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಬಲಗೈ ಹೆಬ್ಬೆರಳು ಒತ್ತಿ, ಸೆಲ್ಫ್ ಹೊಡೆಸುತ್ತೇನೆ. ಬೆರಳನ್ನು ಎತ್ತಿ ಎಸೆದರೆ ಎಂಜಿನ್ ಗಟ್ಟಿ. ಒಂದು ಸಲ ಒಂದು ಎಂಜಿನ್ನು ಬೆರಳಿನ ಜೊತೆ ನನ್ನನ್ನೂ ಎತ್ತಿ ಎದುರು ಗೋಡೆಗೆ ಒರಗಿಸಿತ್ತು. ಅಂಥ ಗಟ್ಟಿ ಎಂಜಿನ್ನು ಈಗ ಎಲ್ಲಿ ಬರುತ್ತೆ?

ಕಾರ್ಖಾನೆಯ ಎಂಜಿನಿಯರ್ ಒಬ್ಬರು ಒಮ್ಮೆ ಮಖಮಲ್ಲಿನ ಡಬ್ಬಿಯಲ್ಲಿ ಗೇಜ್ ತಂದರು. ಅವರ ಕಾರಿನ ನಾಲ್ಕೂ ಸಿಲಿಂಡರ್ ಒಂದೇ ಸಮ ಅಂತ ಗೇಜ್ ಹೇಳಿತು. ಎರಡನೆಯದು ಸೋತಿದೆ ಅಂತ ನನ್ನ ಬೆರಳು ಹೇಳಿತು. ಬಿಚ್ಚಿದರೆ ಎರಡನೆಯದರ ಪಿಸ್ಟನ್ನಿನ ಸುತ್ತ ಇರುವ ರಿಂಗ್ ಮುರಿದಿತ್ತು.

"ಹಾಗಾದ್ರೆ ನನ್ನ ಗೇಜು?" ಅಂದರು ಪಾಪ.

"ಬಿಟ್ಟುಹೋಗಿ ಸಾರ್. ನಾಳೆ ಬನ್ನಿ, ಅದನ್ನೂ ರಿಪೇರಿ ಮಾಡಿಟ್ಟಿರ್ತೀನಿ."

ಆಯುಧಪೂಜೆ

ತೊಂಬತ್ತರ ದಶಕದಲ್ಲಿ ಬಸವನಗುಡಿಯ ವಕೀಲರೊಬ್ಬರು ನನ್ನ ಗಿರಾಕಿ. ಅವರ ಹತ್ತಿರ ಒಂದು ಕೆಂಪು ಸ್ಪೋರ್ಟ್ಸ್ ಕಾರಿತ್ತು, ಎರಡೇ ಸೀಟಿನ ವಿಲಾಯಿತಿ ಗಾಡಿ, ಅವರ ತಂದೆ ಓಡಿಸುತ್ತಿದ್ದದ್ದು. ಆ ವರ್ಷ ಸರ್ವಿಸಿಗೆ ಬಂದದ್ದು ಆಯುಧಪೂಜೆಯ ದಿನ ನಮ್ಮಲ್ಲೇ ನಿಂತಿತ್ತು.

ಬಾನೆಟ್ ಎತ್ತಿದರೆ ಎಂಜಿನ್ನಿನ ಪಕ್ಕದಲ್ಲಿ ಗಾಳಿ ಎಳೆದುಕೊಳ್ಳುವ ನಾಲ್ಕು ಬಾಯಿ, ಸಿಲಿಂಡರಿಗೆ ಒಂದರಂತೆ, ವಾಲಗದ ಬಾಯಿಯ ಹಾಗೆ ಅರಳಿಕೊಂಡಿದ್ದವು. ಅಂಥ ಚೆಂದವನ್ನು ಏರ್ ಫಿಲ್ಟರ್ ಮುಚ್ಚಿಬಿಟ್ಟಿತ್ತು. ಪೂಜೆಗೆ ಅಂತ ಅದನ್ನು ಬಿಚ್ಚಿಟ್ಟೆ. ನಾಲ್ಕು ಬಾಯಿಗಳನ್ನೂ ಬೆಳ್ಳಿಯ ಹಾಗೆ ಹೊಳೆಯುವಂತೆ ತಿಕ್ಕಿದೆ. ಒಂದೊಂದರ ಅಂಚಿಗೂ ಗಂಧ ಹಚ್ಚಿ, ಉಗುರಗಲದ ಹತ್ತು ಪೈಸೆ ನಾಣ್ಯ ಅಂಟಿಸಿ, ಕುಂಕುಮ ಇಟ್ಟು, ಹೂವು ಮುಡಿಸಿದೆ.

ಸಂಜೆ ಬಂದ ವಕೀಲರು ನೋಡಿ, "ಏನ್ರೀ ಮೇಸ್ತ್ರಿ, ಇದನ್ನ ಓಡಿಸ್ಕೊಂಡು ಹೋಗೋದಾ, ಇಲ್ಲ ಧಾರೆ ಎರೆಸ್ಕೊಂಡು ಹೋಗೋದಾ?" ಅಂದರು.

"ಜೋಪಾನ ಸಾರ್, ನಮ್ಮನೆ ಮಗಳು" ಅಂದೆ. ಹೂವು ತೆಗೆದೆ, ನಾಣ್ಯ ಕಿತ್ತು ಜೇಬಿಗೆ ಹಾಕಿಕೊಂಡೆ, ಫಿಲ್ಟರ್ ಮುಚ್ಚಿ ಕಳಿಸಿಕೊಟ್ಟೆ. ಗ್ಯಾರೇಜು ಬಿಕೋ ಅಂದಿತು.

ಎರಡೇ ದಿನಕ್ಕೆ ಮಗಳು ತವರಿಗೆ ವಾಪಸ್ ಬಂದಳು, ಹಗ್ಗದಲ್ಲಿ ಎಳೆಸಿಕೊಂಡು.

ಊದಿನಕಡ್ಡಿ

ಓಡಿಸಿದ್ದವನು ವಕೀಲರ ಮಗ. ಬ್ಯಾಂಕಿನಲ್ಲಿ ಕೆಲಸ, ಮೆಲುಮಾತಿನವನು. ವಕೀಲರೂ ಜೊತೆಗೇ ಬಂದಿದ್ದರು.

"ಮೈಸೂರು ರೋಡಲ್ಲಿ ಆಕ್ಸಿಲರೇಟರ್ ಒತ್ತಿದೆ ಮೇಸ್ತ್ರಿ, ಅಷ್ಟೇ. ಟಪ್ ಅಂತು. ಆಮೇಲೆ ಗಡಗಡ ನಡುಗೋಕೆ ಶುರುವಾಯ್ತು."

ಪ್ಲಗ್ ಬಿಚ್ಚಿ ಬೆರಳಿಟ್ಟೆ. ಒಂದು, ಎರಡು, ನಾಲ್ಕು ಎತ್ತಿ ಎಸೆದವು. ಮೂರನೆಯದು ಬರೀ ನಿಟ್ಟುಸಿರು ಬಿಟ್ಟಿತು. ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟೆ. ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ದಮ್ಮು ಏರಬೇಕು. ಏರಲಿಲ್ಲ. ಅಂದರೆ ತೊಂದರೆ ವಾಲ್ವಿನದೇ. ಆಮೇಲೆ ಪ್ಲಗ್ಗಿನ ತೂತಿಂದ ಪಂಪಿನಲ್ಲಿ ಗಾಳಿ ತುಂಬಿಸುತ್ತಾ, ಫಿಲ್ಟರ್ ತೆಗೆದು, ನಾಲ್ಕು ಬಾಯಿಗಳ ಮುಂದೆ ಊದಿನಕಡ್ಡಿ ಹಿಡಿದೆ. ಮೂರನೇ ಬಾಯಿಯ ಮುಂದೆ ಹೊಗೆ ಚೆದುರಿ ಓಡಿತು.

"ಗಾಳಿ ಒಳಗೆ ಬಿಡೋ ವಾಲ್ವ್ ಬಾಗಿದೆ. ಮುಚ್ತಾ ಇಲ್ಲ" ಅಂದೆ, ಒಂದು ಬೋಲ್ಟನ್ನೂ ಬಿಚ್ಚದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. "ಯಾಕೆ ಬಾಗ್ತು?" ಅಂತ ವಕೀಲರು ಕೇಳಿದರು. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬಂದದ್ದೇ ಇಲ್ಲ.

"ಗೇರ್ ತಪ್ಪು ಹಾಕಿ ಎಂಜಿನ್ನನ್ನ ಕಿರುಚಿಸಿದ್ದಾರೆ. ಪಿಸ್ಟನ್ ಬಂದು ವಾಲ್ವಿಗೆ ಗುದ್ದಿದೆ. ಸುಳ್ಳಾದ್ರೆ ಈ ಮೀಸೆ ಬೋಳಿಸ್ತೀನಿ!"

ಮೂವತ್ತು ವರ್ಷದ ಮೀಸೆ ಅದು. ತುದಿಗೊಂದು ನಿಂಬೆಹಣ್ಣು ನಿಲ್ಲಿಸಬಹುದಿತ್ತು.

"ನಾನು ಗೇರ್ ತಪ್ಪಿಸಿಲ್ಲಪ್ಪ" ಅಂದ ಮಗ.

ವಕೀಲರು ಅವನ ಕೈಯಿಂದ ಕೀಲಿ ಕಿತ್ತುಕೊಂಡರು. "ಕಾರು ಕೆಟ್ಟಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ. ಇನ್ನು ಇದನ್ನ ಮುಟ್ಟಬೇಡ. ನನ್ನ ಹತ್ರ ಮಾತೂ ಆಡಬೇಡ."

ಹುಡುಗ ಮುಖ ತಗ್ಗಿಸಿದ. ನನಗೆ ಯಾಕೋ ಕಸಿವಿಸಿಯಾಯಿತು, ಆದರೆ ಆಡಿದ ಮಾತು ಆಡಿಯಾಗಿತ್ತು. ವಕೀಲರು ಅಭ್ಯಾಸಬಲದಿಂದ ಕಾಗದ ತೆಗೆದು ಬರೆದು ಓದಿದರು: ಒಂದು, ವಾಲ್ವ್ ಬಾಗಿದೆ. ಎರಡು, ತಪ್ಪು ಮಗನದು. ಸುಳ್ಳಾದರೆ ಮೀಸೆ.

"ಹೆಬ್ಬೆಟ್ಟು ಒತ್ತಿ. ಅಯ್ಯೋ, ಇಂಕ್ ಪ್ಯಾಡ್ ತಂದಿಲ್ವಲ್ಲ."

"ಯಾಕೆ ಸಾರ್ ಇಂಕು? ಗ್ರೀಸ್ ಇದೆ."

ತೀರ್ಪು

ಮೂರು ದಿನ ಬಿಟ್ಟು ಇಬ್ಬರ ಎದುರಿಗೇ, ವಾಲ್ವುಗಳು ಕೂತಿರುವ ಎಂಜಿನ್ನಿನ ಹೆಡ್ ಇಳಿಸಿದೆ. ಅಪ್ಪ ಕಾರಿನ ಆ ಕಡೆ, ಮಗ ಈ ಕಡೆ. ಮನೆಯಲ್ಲೂ ಮೂರು ದಿನ ಹೀಗೇ, ಊಟವೂ ಬೇರೆ ಬೇರೆ ಹೊತ್ತಿಗಂತೆ.

ಮೂರನೇ ಸಿಲಿಂಡರಿನ ವಾಲ್ವ್ ಹೊರಗೆ ತೆಗೆದೆ. ಬೆಂಡಾಗಿತ್ತು. "ನೋಡಿ!" ಅಂತ ಮೀಸೆ ತಿರುವಿದೆ.

ಅದೇ ಹೊತ್ತಿಗೆ ಹೆಡ್ಡಿನಿಂದ ಏನೋ ಟಣ್ ಅಂತ ತಟ್ಟೆಗೆ ಬಿತ್ತು. ಎತ್ತಿ ಒರೆಸಿದೆ. ಸೊಟ್ಟಗೆ ಮಡಚಿಹೋದ ಹತ್ತು ಪೈಸೆ.

ವಕೀಲರು ಕನ್ನಡಕ ಸರಿಮಾಡಿಕೊಂಡರು. "ಪೂಜೆಗೆ ಎಷ್ಟು ನಾಣ್ಯ ಅಂಟಿಸಿದ್ರಿ?"

"ನಾಲ್ಕು ಸಾರ್."

"ಎಷ್ಟು ಕಿತ್ರಿ?"

"ಮೂರು ಸಿಕ್ಕಿತು. ಇನ್ನೊಂದನ್ನ ಯಾರೋ ಪ್ರಸಾದ ಅಂತ ತಗೊಂಡ್ರೇನೋ ಅಂತ..."

"ತಗೊಂಡಿದ್ದು ಎಂಜಿನ್ನು."

ಮೂರನೇ ಬಾಯೊಳಗೆ ಬಿದ್ದು ಕೂತಿದ್ದ ನಾಣ್ಯವನ್ನು, ಹುಡುಗ ಆಕ್ಸಿಲರೇಟರ್ ಒತ್ತಿದಾಗ ಗಾಳಿ ಎಳೆದುಕೊಂಡು ಹೋಗಿ ವಾಲ್ವಿನ ಸಂದಿಗೆ ಸಿಕ್ಕಿಸಿತ್ತು; ಮುಚ್ಚಲಾಗದ ವಾಲ್ವಿಗೆ ಪಿಸ್ಟನ್ ಬಂದು ಗುದ್ದಿತ್ತು. ಅವನು ಹೇಳಿದ್ದು ಒಂದಕ್ಷರ ಸುಳ್ಳಲ್ಲ.

ವಕೀಲರು ಸುತ್ತು ಹಾಕಿ ಈ ಕಡೆ ಬಂದು, ಮಗನ ಕೈಯಲ್ಲಿ ಕೀಲಿ ಇಟ್ಟರು. "ತಪ್ಪಾಯ್ತು ಕಣೋ."

"ಬಿಡಪ್ಪ" ಅಂದ ಅವನು.

ನಾನು ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದ್ದೆ. "ನಿಲ್ಲಿ ಮೇಸ್ತ್ರಿ" ಅಂತ ಕಾಗದ ತೆಗೆದರು. "ಒಂದನೇದು ನಿಜ. ಎರಡನೇದು ಸುಳ್ಳು. ಅರ್ಧ ಗೆದ್ದಿದೀರಿ, ಅರ್ಧ ಸೋತಿದೀರಿ. ಎಡಗಡೆ ಮೀಸೆ ಬೋಳಿಸಿ. ಬಲಗಡೇದು ನಿಮ್ಮದೇ."

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಕಾರಿನ ಕನ್ನಡಿಯಲ್ಲಿ ಅರ್ಧ ಮೀಸೆಯನ್ನು ಕೈಯಿಂದ ಮುಚ್ಚಿ ನೋಡಿಕೊಂಡೆ. ಅದೇ ಮುಖ ಹೊತ್ತು ಮಾರ್ಕೆಟ್ಟಿಗೆ ಹೋಗುವುದನ್ನು ಯೋಚಿಸಿದೆ.

"ಪೂರ್ತಿ ಬೋಳಿಸ್ತೀನಿ ಸಾರ್!"

"ಹಾಗೆಲ್ಲ ಆಗಲ್ಲ. ಪೂರ್ತಿ ಬೋಳಿಸ್ಬೇಕಾದ್ರೆ ಪೂರ್ತಿ ತಪ್ಪಿರಬೇಕು."

ಹುಟ್ಟಿದಾಗಿನಿಂದ ಆಡದ ಮಾತು ಅವತ್ತು ಆಡಿದೆ. "ನಾನು ಪೂರ್ತಿ ತಪ್ಪು ಅಂತ ಬರ್ಕೊಳ್ಳಿ ಸ್ವಾಮಿ. ವಾಲ್ವ್ ಬಾಗಿದೆ ಅಂದಿದ್ದೂ ಸುಳ್ಳು!"

ಬೆಂಡಾದ ವಾಲ್ವ್ ಇನ್ನೂ ನನ್ನ ಕೈಯಲ್ಲೇ ಇತ್ತು. ವಕೀಲರು ಅದನ್ನು ನೋಡಿದರು. ಮಗನೂ ಬಗ್ಗಿ, ಒಂದು ಕಣ್ಣು ಮುಚ್ಚಿ, ಬಲು ಗಂಭೀರವಾಗಿ ನೋಡಿದ.

"ನೆಟ್ಟಗೇ ಇದೆಯಲ್ಲಪ್ಪ" ಅಂದ.