ಬದನೆಕಾಯಿ ಉಳಿಸಿದ ಪಥ್ಯ

ಪಥ್ಯವಿಲ್ಲದ ಔಷಧವನ್ನು ನಮ್ಮ ಕಡೆಯ ಜನ ನಂಬುವುದಿಲ್ಲ. ಔಷಧ ಕಹಿಯಾಗಿರಬೇಕು, ಕೊಡುವವರ ಮನೆ ಒಂದು ಬಸ್ಸು ಹತ್ತಿ ಹೋಗುವಷ್ಟಾದರೂ ದೂರವಿರಬೇಕು, ಕೊಡುವಾಗ ಅವರು ಮುಖ ಗಂಟು ಹಾಕಿಕೊಂಡು ‘ಇಂಥಿಂಥದ್ದು ಬಾಯಿಗೆ ತಾಗಿಸಬಾರದು’ ಎಂದು ಹೇಳಬೇಕು. ನನ್ನ ಸೋದರಮಾವನಿಗೆ ಒಮ್ಮೆ ಕಾಮಣಿಯಾಗಿ ಕಣ್ಣು ಹಳದಿಯಾದಾಗ ಚಿಮ್ಮಡ ಎಂಬ ಊರಿನಲ್ಲಿ ಯಾರೋ ಬೇರು ಅರೆದು ಕೊಟ್ಟರು. ಎಣ್ಣೆ ಪದಾರ್ಥ ಮುಟ್ಟಕೂಡದೆಂದು ಪಥ್ಯ. ಬೇಗ ಗುಣವಾಗಲಿಲ್ಲ. ಮನೆಯವರೆಲ್ಲ ಸೇರಿ ವಿಚಾರಣೆ ಮಾಡಿದರು. ಆತ ಬಸ್‌ ನಿಲ್ದಾಣದ ಬಳಿ ಮಿರ್ಚಿ ಭಜಿ ಕರಿಯುವ ಬಂಡಿಯ ಗಾಳಿಗೆ ಎರಡು ನಿಮಿಷ ನಿಂತಿದ್ದನೆಂಬುದು ಬಯಲಾಯಿತು. ಎಲ್ಲರಿಗೂ ಸಮಾಧಾನ. ತಪ್ಪು ಔಷಧದ್ದಲ್ಲ, ಮೂಗಿನದು! ಈ ಕಥೆಯನ್ನು ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಮೂಢನಂಬಿಕೆಗೆ ಉದಾಹರಣೆಯಾಗಿ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆಂದರೆ ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ಉದಾಹರಣೆಯಿದೆ, ಮತ್ತು ಅದರಲ್ಲಿ ನಗೆಪಾಟಲಾದವಳು ಬಿ.ಎಸ್ಸಿ. ಪಾಸಾದ ನಾನೇ.

ನಮ್ಮದು ಬನಹಟ್ಟಿಯಲ್ಲಿ ನೇಕಾರರ ಮನೆ. ಮುಂದೆ ಮನೆ, ಹಿಂದೆ ನಾಲ್ಕು ವಿದ್ಯುತ್‌ ಮಗ್ಗಗಳ ಶೆಡ್ಡು. ಹದಿನೆಂಟು ವರ್ಷದ ಹಿಂದೆ ಗಲಗಲಿಯಿಂದ ಸೊಸೆಯಾಗಿ ಬಂದಾಗ ಆ ಖಟಪಟಕ್ಕೆ ಮೂರು ತಿಂಗಳು ನನಗೆ ಯಾರು ಏನು ಮಾತಾಡಿದರೂ ಕೇಳುತ್ತಿರಲಿಲ್ಲ. ಅತ್ತೆ ನನ್ನನ್ನು ಬಹಳ ಸಮಾಧಾನದ ಸೊಸೆ ಎಂದು ಊರಲ್ಲೆಲ್ಲ ಹೊಗಳಿದ್ದು ಅದೇ ಮೂರು ತಿಂಗಳು. ನಮ್ಮವರ, ಅಂದರೆ ನನ್ನ ಗಂಡನ, ಕಿವಿ ಮಾತ್ರ ಬೇರೆ ಜಾತಿಯದು. ಪಡಸಾಲೆಯಲ್ಲಿ ಊಟಕ್ಕೆ ಕುಳಿತವರು ತುತ್ತು ಕೈಯಲ್ಲಿ ಹಿಡಿದುಕೊಂಡೇ ‘ಮೂರನೇದ್ರಾಗ ಎಳಿ ಹರೀತು’ ಎಂದು ಎದ್ದು ಓಡುತ್ತಿದ್ದರು. ಹೋಗಿ ನೋಡಿದರೆ ಹರಿದಿರುತ್ತಿತ್ತು. ಮಾತೂ ಹಾಗೇ, ಮಗ್ಗದಲ್ಲಿ ನೂಲು ಹೊತ್ತು ಓಡುವ ಲಾಳಿಯ ಹಾಗೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಒಂದು ದಿನವಾದರೂ ಇವರು ಸುಮ್ಮನಿರಬಾರದೇ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದುಂಟು. ದೇವರಿಗೆ ಕೆಲವು ಬೇಡಿಕೆಗಳು ತಡವಾಗಿ ತಲುಪುತ್ತವೆ.

ಎರಡು ವರ್ಷದ ಹಿಂದೆ, ಬನಹಟ್ಟಿಯ ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುವ ದಿನಗಳಲ್ಲಿ, ನಮ್ಮವರು ಸ್ವೆಟರ್‌ ಕೇಳಿದರು. ಮೈ ಊದಿತು, ದನಿ ದಪ್ಪವಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್‌ ಗ್ರಂಥಿ ಕೆಲಸ ಕಡಿಮೆ ಮಾಡುತ್ತಿದೆ ಎಂದು ಬಂತು. ಡಾಕ್ಟರು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಲು ಒಂದು ಗುಳಿಗೆ ಬರೆದರು. ಇವರಿಗೆ ರೋಗಕ್ಕಿಂತ ಅದರ ಹೆಸರೇ ಹೆಚ್ಚು ನೋವು ಕೊಟ್ಟಿತು.

“ಥೈರಾಯ್ಡ್‌ ಅಂದ್ರ ಹೆಂಗಸರ ಜಡ್ಡು ಅಲ್ಲೇನ್ರಿ, ಸಾಹೇಬ್ರ? ಇನ್ನೊಮ್ಮೆ ನೋಡ್ರಿ, ಚೀಟಿ ಅದಲಾಬದಲಿ ಆಗಿರಬೇಕು” ಎಂದರು.

“ಅದಕ್ಕ ಗಂಡಸು ಹೆಂಗಸು ಗೊತ್ತಾಗಂಗಿಲ್ರಿ. ಗುಳಿಗಿ ತಗೋರಿ” ಎಂದರು ಡಾಕ್ಟರು.

ತೆಗೆದುಕೊಂಡರು. ಬಾಟಲಿಯನ್ನು ಶೆಡ್ಡಿನಲ್ಲಿ ನೂಲಿನ ಕಂಡಿಕೆಗಳ ಡಬ್ಬಿಯೊಳಗೆ ಬಚ್ಚಿಟ್ಟು, ಕದ್ದು ಬೀಡಿ ಸೇದುವವರ ಹಾಗೆ ನುಂಗುತ್ತಿದ್ದರು. ಕೆಲವು ತಿಂಗಳಲ್ಲಿ ಸ್ವೆಟರ್‌ ಪೆಟ್ಟಿಗೆ ಸೇರಿತು, ಲಾಳಿ ಮತ್ತೆ ಓಡಿತು. ಅಲ್ಲಿಗೆ ಸುಮ್ಮನಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ‘ಸಾಯೂತನಕ ನುಂಗಬೇಕಂತ’ ಎಂಬ ಮಾತು ಅವರ ಗಂಟಲಲ್ಲಿ ಗುಳಿಗೆಗಿಂತ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಆಗ ಯಾರೋ ಹೇಳಿದರು: ಜಮಖಂಡಿಯಲ್ಲಿ ಒಬ್ಬರು ಅಕ್ಯುಪಂಕ್ಚರ್‌ ಮಾಡುತ್ತಾರೆ, ಚೀನಾದ ಪದ್ಧತಿ, ಸೂಜಿ ಚುಚ್ಚಿ ಎಂಥಾ ಜಡ್ಡನ್ನೂ ತೆಗೆಯುತ್ತಾರೆ.

ಅವರನ್ನು ಊರವರು ಸೂಜಿಬಾಯಿ ಎಂದು ಕರೆಯುತ್ತಿದ್ದರು. ಬಾಯಿ ಎಂದರೆ ನಮ್ಮಲ್ಲಿ ಗೌರವದ ಹೆಂಗಸು. ಬಾಯಿ ಸೂಜಿಯಂತೆ ಎಂದಲ್ಲ. ಅದೂ ನಿಜವೆಂದು ನಮಗೆ ಆಮೇಲೆ ತಿಳಿಯಿತು. ಐವತ್ತರ ಆಸುಪಾಸಿನ, ಹತ್ತಿ ಸೀರೆಯ, ಕಡಿಮೆ ಮಾತಿನ ಹೆಂಗಸು. ಅತ್ತೆಯನ್ನೂ ಕರೆದುಕೊಂಡು ಮೂವರೂ ಹೋದೆವು. ಮೊದಲು ಇವರ ಎರಡೂ ಕೈಯ ನಾಡಿಯನ್ನು ಮೂರು ಬೆರಳಿಟ್ಟು ಬಹಳ ಹೊತ್ತು ಹಿಡಿದರು. ಡಾಕ್ಟರ ಗುಳಿಗೆಯ ವಿಷಯ ಕೇಳಿಕೊಂಡರು. ಆಮೇಲೆ ನಾಲಿಗೆ ಹೊರಗೆ ತೆಗೆಯಲು ಹೇಳಿದರು.

“ಅದನ್ನ ಒಳಗ ಇಡೂ ಔಷಧ ಇದ್ರ ಕೊಡ್ರಿ ಬಾಯಾರ, ಹೊರಗ ತಾನ ಇರತೈತಿ” ಎಂದರು ನನ್ನ ಅತ್ತೆ.

“ಸುಮ್ಕಿರಬೇ ಯವ್ವಾ” ಎಂದರು ನಮ್ಮವರು, ನಾಲಿಗೆ ಹೊರಗಿಟ್ಟುಕೊಂಡೇ.

ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ಸೂಜಿಗಳು. ಭುಜಕ್ಕೆ, ಮೊಣಕಾಲ ಕೆಳಗೆ, ಕೈಯ ಮೇಲೆ. ನೋವಿಲ್ಲ. ಸೂಜಿ ಚುಚ್ಚಿಸಿಕೊಂಡು ಅರ್ಧ ತಾಸು ಮಲಗಿದ ಇವರು ಗೊರಕೆ ಹೊಡೆದರು. ಏಳುವಾಗ, ಮಗ್ಗದ ಮುಂದೆ ಬಗ್ಗಿ ಬಗ್ಗಿ ಹತ್ತು ವರ್ಷದಿಂದ ಹಿಡಿದಿದ್ದ ಭುಜ ಹಗುರಾಗಿದೆ ಎಂದರು. ಜೊತೆಗೆ ಕುದಿಸಿ ಕುಡಿಯಲು ಒಂದು ಪೊಟ್ಟಣ. ಚೀನಾದ ಔಷಧ ಎಂದು ನಾನು ಕುತೂಹಲದಿಂದ ಬಿಚ್ಚಿದರೆ ಒಳಗೆ ಒಣಶುಂಠಿ, ಜ್ಯೇಷ್ಠಮಧು, ಒಣಗಿದ ಬಾರೆಹಣ್ಣು! “ಇದಕ್ಕ ಚೀನಾ ತನಕ ಯಾಕ ಹೋಗಬೇಕಿತ್ತು? ಈ ಬಾರಿಹಣ್ಣು ನಿಮ್ಮ ಗಲಗಲಿ ಹೊಲದ ಬದುವಿನ್ಯಾಗ ಬಿದ್ದಿರತಾವಲ್ಲ” ಎಂದರು ನಮ್ಮವರು.

ಹೊರಡುವಾಗ ಅತ್ತೆ ಮುಖ್ಯ ಪ್ರಶ್ನೆ ಕೇಳಿದರು. “ಪಥ್ಯ ಏನ್ರಿ ಬಾಯಾರ?”

“ಪಥ್ಯ ಏನಿಲ್ರಿ. ಮೊದಲ ಹೆಂಗ ನಡದಿತ್ತೋ ಎಲ್ಲಾ ಹಂಗ ನಡೀಲಿ.”

ಈ ಒಂದು ಮಾತಿನಲ್ಲಿ ಗುಳಿಗೆಯೂ ಸೇರಿತ್ತು. ಈಗ ನನಗೆ ಅದು ಗೋಡೆ ಬರಹದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆಗ ಮೂವರಿಗೂ ಕೇಳಿದ್ದು ‘ಪಥ್ಯ ಏನಿಲ್ಲ’ ಎಂಬ ಅರ್ಧ ಮಾತ್ರ, ಮತ್ತು ಅದು ಮೂವರಿಗೂ ಹಿಡಿಸಲಿಲ್ಲ. ಬಸ್ಸು ಜಮಖಂಡಿ ದಾಟುವ ಮೊದಲೇ ಅತ್ತೆ ಶುರು ಮಾಡಿದರು. “ಪಥ್ಯ ಇಲ್ಲಂದ್ರ ಅದೆಂಥಾ ಔಷಧನವಾ? ಹೇಳಾಕ ಮರತಿರಬೇಕು ಪಾಪ, ಮಂದಿ ಭಾಳ ಇದ್ರು. ನಾವ ತಿಳಕೊಂಡು ಏನರ ಒಂದು ಬಿಟ್ಟರಾತು. ಬದನಿಕಾಯಿ ಬಿಡು.”

“ಬದನಿಕಾಯಿ ಬಿಡೂದಾದ್ರ ಜಡ್ಡ ಇರಲಿ ಬಿಡಬೇ” ಎಂದರು ಇವರು. ಗಲಗಲಿಯ ನನ್ನ ತವರಿನಿಂದ, ಹೊಳೆದಂಡೆಯ ಹೊಲದ ಎಳೆ ಬದನೆಕಾಯಿ ತಿಂಗಳಿಗೆರಡು ಸಲ ಬರುತ್ತದೆ. ಶೇಂಗಾ, ಗುರೆಳ್ಳು ಪುಡಿ ತುಂಬಿದ ಎಣ್ಣೆಗಾಯಿ, ಕಡಕ್‌ ರೊಟ್ಟಿ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಬರೆಯದಿರಲು ನನಗೆ ಕಾರಣವಿದೆ.

ತಾಯಿ ಮಗನ ವಾದ ಬಸ್ಸಿನ ಹಿಂದಿನ ಸೀಟಿನವರೆಗೂ ಮುಟ್ಟಿತು. ಅಪರಿಚಿತರಿಬ್ಬರು ಬದನೆಕಾಯಿಯ ಪರವಾಗಿಯೂ ಒಬ್ಬಾಕೆ ವಿರುದ್ಧವಾಗಿಯೂ ನಿಂತರು. ಆಗ ನಾನು, ಓದಿದವಳು, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ. “ಅತ್ತಿ, ಬದನಿಕಾಯಿಂದ ಏನೂ ಆಗಂಗಿಲ್ರಿ. ವಿಜ್ಞಾನದ ಪ್ರಕಾರ ನೋಡಿದ್ರ, ಎರಡು ಔಷಧ ಹೊಟ್ಟ್ಯಾಗ ಕೂಡಬಾರದು, ರಿಯಾಕ್ಷನ್‌ ಆಗತೈತಿ. ಪಥ್ಯ ಮಾಡೂದಾದ್ರ ಆ ಇಂಗ್ಲಿಷ್‌ ಗುಳಿಗೀನ ಸ್ವಲ್ಪ ದಿನ ಬಿಡಲಿ.”

ಬಸ್ಸಿನಲ್ಲಿ ಅಷ್ಟು ಸಂತೋಷದ ಮುಖವನ್ನು ನಾನು ನೋಡಿರಲಿಲ್ಲ. “ನೋಡಬೇ, ಓದಿದಾಕಿನ್ನ ಮಾಡಕೊಂಡಿದ್ದಕ್ಕ ಇವತ್ತು ಸಾರ್ಥಕ ಆತು” ಎಂದರು ನಮ್ಮವರು. ಅತ್ತೆಗೂ ಒಪ್ಪಿಗೆಯಾಯಿತು. ಏನೋ ಒಂದು ಬಿಟ್ಟಂತಾಯಿತಲ್ಲ!

ಮೊದಲ ಕೆಲವು ವಾರ ಚೆನ್ನಾಗಿಯೇ ಇತ್ತು. ಹಿಂದೆ ನುಂಗಿದ್ದು ಇನ್ನೂ ಮೈಯಲ್ಲಿತ್ತೆಂದು ಆಮೇಲೆ ತಿಳಿಯಿತು. ನಾವು ಸೂಜಿಯ ಮಹಿಮೆ ಎಂದುಕೊಂಡೆವು. ಎರಡನೇ ತಿಂಗಳು ಕಳೆಯುತ್ತಿದ್ದಂತೆ ಮಾತು ಕಡಿಮೆಯಾಯಿತು. ‘ಔಷಧ ಹತ್ತಾಕತ್ತೈತಿ, ಶಾಂತ ಆಗ್ಯಾನ’ ಎಂದರು ಅತ್ತೆ. ನಾನೂ, ಹೇಳಲು ನಾಚಿಕೆಯಾಗುತ್ತದೆ, ಆ ಮೌನವನ್ನು ಒಂದಿಷ್ಟು ಸವಿದೆ. ಉತ್ತರ ಪತ್ರಿಕೆಗಳನ್ನು ನೆಮ್ಮದಿಯಿಂದ ತಿದ್ದಿದೆ. ಸೂಜಿಬಾಯಿಯವರು ನಾಡಿ ನೋಡಿ ‘ಯಾಕೋ ನಿಧಾನ ಆಗೈತಿ. ಗುಳಿಗಿ ನಡದಾವಲ್ರಿ?’ ಎಂದು ಕೇಳಿದ್ದರಂತೆ. ಕದ್ದು ಗುಳಿಗೆ ನುಂಗಿ ಪಥ್ಯ ಮುರಿದನೆಂದಾರು ಎಂದು ಇವರು ‘ಎಲ್ಲಾ ನೀವು ಹೇಳಿದಂಗ ನಡದೈತ್ರಿ’ ಎಂದಿದ್ದರಂತೆ. ಚಳಿ ಬಿತ್ತು, ಕೆಮ್ಮು ಬಂತು, ಸ್ವೆಟರ್‌ ಪೆಟ್ಟಿಗೆಯಿಂದ ಹೊರಬಂತು. ಆಗಲೂ ನನಗೆ ಹೊಳೆಯಲಿಲ್ಲ.

ಅವತ್ತು ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನ ಓಣಿಗೆ ತಿರುಗುವಾಗಲೇ ನನಗೆ ಶೆಡ್ಡಿನ ಸದ್ದಿನಲ್ಲಿ ಏನೋ ತಪ್ಪಿದೆ ಎನ್ನಿಸಿತು. ಇಷ್ಟು ವರ್ಷದಲ್ಲಿ ನನ್ನ ಕಿವಿಗೂ ಅಷ್ಟು ಬಂದಿತ್ತು. ಒಳಗೆ ಹೋದೆ. ನಾಲ್ಕೂ ಮಗ್ಗ ಓಡುತ್ತಿದ್ದವು. ಮೂರನೆಯದರಲ್ಲಿ ಎಳೆಗಳು ಹರಿದು, ಮೊಳದುದ್ದ ಸೀರೆ ಬೈತಲೆ ತೆಗೆದಂತೆ ಸೀಳು ಬಿಟ್ಟುಕೊಂಡು ಹೊರಬರುತ್ತಿತ್ತು. ಅದರ ಮುಂದೆಯೇ ಸ್ಟೂಲಿನ ಮೇಲೆ ಇವರು ಕುಳಿತಿದ್ದರು, ನೋಡುತ್ತ.

“ಏನ್ರೀ! ಎಳಿ ಹರದಾವು, ಕಾಣಂಗಿಲ್ಲೇನು?”

ನನ್ನ ಮಾತು ಅಂಚೆಯಲ್ಲಿ ಹೋಗಿ ಮುಟ್ಟಿದಂತೆ, ಬಹಳ ಹೊತ್ತಿನ ಮೇಲೆ ಮುಖ ತಿರುಗಿಸಿದರು. ದಪ್ಪ ನಾಲಿಗೆಯಲ್ಲಿ ಹೇಳಿದರು: “ಕರೆಂಟ್‌... ಹೋತೇನು? ಎಲ್ಲಾ... ಸುಮ್ಕಾದ್ವಲ್ಲ.”

ನಾಲ್ಕು ಮಗ್ಗಗಳು ಕಿವಿ ಕಿತ್ತುಹೋಗುವಂತೆ ಬಡಿಯುತ್ತಿದ್ದವು. ಆ ಮಾತು ಈಗಲೂ ನನಗೆ ತರಗತಿಯಲ್ಲಿ, ಅಡುಗೆ ಮನೆಯಲ್ಲಿ, ತಟ್ಟನೆ ಕೇಳಿಸುತ್ತದೆ. ಅವತ್ತು ಅವರ ಕೈ ಹಿಡಿದರೆ ಮಣ್ಣಿನ ಹರವಿಯ ನೀರಿನಷ್ಟು ತಣ್ಣಗಿತ್ತು.

ಅವತ್ತೇ ಸೂಜಿಯ ಸರದಿಯಿತ್ತು. ಗಾಬರಿಯಲ್ಲಿ ಬೇರೆ ಯಾವ ದಾರಿಯೂ ತೋಚದೆ ಅತ್ತೆಯೂ ನಾನೂ ಇವರನ್ನು ಆಟೊದಲ್ಲಿ ಕೂರಿಸಿಕೊಂಡು ಜಮಖಂಡಿಗೆ ಹೊರಟೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ಭುಜದ ಮೇಲೆ. ಅಲುಗಾಡಿಸಿದರೆ ‘ಹೂಂ’ ಎನ್ನುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು. ಕೊನೆಗೆ ನಾನು ಅವರ ಕಿವಿಯಲ್ಲಿ ‘ಮೂರನೇದ್ರಾಗ ಎಳಿ ಹರೀತ್ರಿ, ಏಳ್ರಿ’ ಎಂದು ಕೂಗಿದೆ. ಅದಕ್ಕೂ ಕಣ್ಣು ತೆರೆಯಲಿಲ್ಲ.

ಸೂಜಿಬಾಯಿಯವರು ಆಟೊದಲ್ಲೇ ನಾಡಿ ಹಿಡಿದರು. ಸೂಜಿಯ ಡಬ್ಬಿ ಮುಟ್ಟಲಿಲ್ಲ. “ಗುಳಿಗಿ ಯಾವಾಗ ಬಿಟ್ಟಾರ?” ಎಂದರು.

“ನಿಮ್ಮ ಔಷಧ ಶುರು ಆದ ದಿನಾನ್ರಿ. ಪಥ್ಯಕ್ಕ” ಎಂದರು ಅತ್ತೆ.

“ಯಾವ ಪುಣ್ಯಾತ್ಮ ಹೇಳಿದ ನಿಮಗ? ನನ್ನ ಸೂಜಿ ಭುಜದ ನೋವು ಕಡಿಮಿ ಮಾಡೀತು, ನಿದ್ದಿ ಕೊಟ್ಟೀತು. ಅದು ಮೈಯಾಗ ಇಲ್ಲದ್ದನ್ನ ಹುಟ್ಟಿಸತೈತೇನು?” ಎಂದವರೇ, ಹೊರಗೆ ಕಾದಿದ್ದವರನ್ನೆಲ್ಲ ಮನೆಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿ, ಆಟೊ ಹತ್ತಿ ಕುಳಿತರು. ದೊಡ್ಡ ಆಸ್ಪತ್ರೆಗೆ ದಾರಿ ಅವರೇ ತೋರಿಸಿದರು. ನಾನು ಅಳುತ್ತ ನಿಂತಾಗ, ಎಷ್ಟು ದಿನದಿಂದ ಗುಳಿಗೆ ಬಿಟ್ಟಿದ್ದಾರೆಂಬುದನ್ನು ಅಲ್ಲಿನ ಡಾಕ್ಟರಿಗೆ ಒಂದೇ ಉಸಿರಿನಲ್ಲಿ ಹೇಳಿದವರೂ ಅವರೇ. ಕಾರಣ ಮೊದಲೇ ತಿಳಿದದ್ದರಿಂದ ಹೊತ್ತು ಹಾಳಾಗಲಿಲ್ಲ, ಇಲ್ಲದಿದ್ದರೆ ಕಷ್ಟವಿತ್ತು ಎಂದು ಆ ಡಾಕ್ಟರು ಮರುದಿನ ಹೇಳಿದರು. ‘ಕಷ್ಟ’ ಎಂಬ ಪದವನ್ನು ಡಾಕ್ಟರುಗಳು ಎಷ್ಟು ಮೆತ್ತಗೆ ಬಳಸುತ್ತಾರೆ!

ಮೂರನೆಯ ದಿನ ಬೆಳಿಗ್ಗೆ ಇವರು ಕಣ್ಣು ಬಿಟ್ಟರು. ನನ್ನನ್ನು ನೋಡಲಿಲ್ಲ, ಹೆತ್ತ ತಾಯಿಯನ್ನೂ ನೋಡಲಿಲ್ಲ. ಛಾವಣಿ ನೋಡುತ್ತ ಹೇಳಿದರು: “ಈ ಫ್ಯಾನಿನ ಬೇರಿಂಗ್‌ ಹೋಗೈತಿ.” ನಾನು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದೆ. ನನ್ನ ಬದುಕಿನಲ್ಲಿ ಅಷ್ಟು ಇಂಪಾದ ಮಾತು ನಾನು ಕೇಳಿಲ್ಲ.

ಈಗ ಗುಳಿಗೆ ದಿನಾ ನಡೆದಿದೆ. ಡಾಕ್ಟರನ್ನು ಕೇಳಿಯೇ ಭುಜಕ್ಕೆ ಸೂಜಿಯೂ ನಡೆದಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಹೋದಾಗ ಸೂಜಿಬಾಯಿಯವರು ತಾವಾಗಿಯೇ ಮುಖ ಗಂಟು ಹಾಕಿಕೊಂಡರು. “ಈ ಸಲ ಪಥ್ಯ ಐತ್ರಿ, ಭಾಳ ಬಿಗಿ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟ್ಯಾಗ ಡಾಕ್ಟರ ಗುಳಿಗಿ. ಆಮ್ಯಾಲ ಒಂದು ತಾಸು ಚಾ ಸೈತ ಇಲ್ಲ. ಒಂದ ದಿನ ತಪ್ಪಿದ್ರೂ ನನ್ನ ಸೂಜಿ ಹತ್ತಂಗಿಲ್ಲ.”

“ಹಾಂ! ಈಗ ಔಷಧ ಅನಸ್ತು ನೋಡ್ರಿ” ಎಂದರು ಅತ್ತೆ. ಅಂದಿನಿಂದ ಬೆಳಿಗ್ಗೆ ಗುಳಿಗೆ, ನೀರು ಹಿಡಿದು ಮಗನ ಮುಂದೆ ನಿಲ್ಲುವವರು, ಒಂದು ತಾಸು ಚಹಾದ ಪಾತ್ರೆಗೆ ಕಾವಲಿರುವವರು ಅವರೇ. ಇಷ್ಟು ವರ್ಷ ವಿಜ್ಞಾನ ಕಲಿಸಿಯೂ ನನಗೆ ಹೊಳೆಯದ ಉಪಾಯ ಅದು.

ಅವತ್ತು ನಾನು ಬಸ್ಸಿನಲ್ಲಿ ಕೊಟ್ಟ ತೀರ್ಪನ್ನು ಒಪ್ಪಿಕೊಂಡು ಸೂಜಿಬಾಯಿಯವರ ಕಾಲು ಮುಟ್ಟಲು ಹೋದೆ. ಹಿಂದೆ ಸರಿದರು. “ನಿಮಗೂ ಒಂದು ಪಥ್ಯ ಐತ್ರಿ ಟೀಚರ್‌. ರಿಯಾಕ್ಷನ್‌ ಎಲ್ಲಾ ಸಾಲ್ಯಾಗ ಅಷ್ಟ” ಎಂದರು.

ಅದನ್ನು ಪಾಲಿಸುತ್ತಿದ್ದೇನೆ. ಆದರೆ ಅವರಿಗೂ ಗೊತ್ತಿಲ್ಲದ ಒಂದು ಸಂಗತಿ ಉಳಿದಿದೆ. ಅದನ್ನು ಓದುಗರಿಗಷ್ಟೇ ಹೇಳುತ್ತೇನೆ. ಅವತ್ತು ಬಸ್ಸಿನಲ್ಲಿ ಮಾತಾಡಿದ್ದು ನನ್ನ ವಿಜ್ಞಾನವಲ್ಲ. ಮನೆಯ ಯಜಮಾನನಿಗೆ ಬದನೆಕಾಯಿ ಪಥ್ಯವಾದರೆ ಆ ಮನೆಯಲ್ಲಿ ಎಣ್ಣೆಗಾಯಿ ಒಲೆ ಏರುವುದಿಲ್ಲ, ನನಗೂ ಸಿಗುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಹುಟ್ಟಿದ ರಸಾಯನಶಾಸ್ತ್ರ ಅದು. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು, ಇವರು ಎದ್ದರೆ ಬದನೆಕಾಯಿ ಬಿಡುತ್ತೇನೆ ಎಂದು ಹರಕೆ ಹೊತ್ತೆ. ಎದ್ದರು. ಬಿಟ್ಟೆ. ನಿನ್ನೆ ಗಲಗಲಿಯಿಂದ ಮತ್ತೊಂದು ಚೀಲ ಬಂತು. ಎದುರಿಗೆ ಕುಳಿತು ನಾಲ್ಕನೆಯ ಬದನೆಕಾಯಿ ಮುರಿಯುತ್ತ ನಮ್ಮವರು ಮಾತಾಡುತ್ತಲೇ ಇದ್ದರು, ನಡುವೆ ಕೇಳಿದರು, “ನೀ ಯಾಕ ತಿನವಲ್ಲಿ? ಏನರ ಔಷಧ ನಡಸೀಯೇನು?”

“ಹೂಂನ್ರಿ” ಎಂದೆ, ಮೊಸರನ್ನ ಕಲಸಿಕೊಳ್ಳುತ್ತ. “ನಿಮ್ಮ ಮಾತು.”